ನಿವೃತ್ತಿಯ ನಂತರದ ಸೋಮವಾರ

(ಸಂಘದ ಮಹಿಳಾ ವಿಭಾಗವು ಘಣಸೋಲಿಯಲ್ಲಿ ಏರ್ಪಡಿಸಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನಿವೃತ್ತಿಯ ಬಗ್ಗೆ ಮಾತನಾಡಲು ಇನ್ನೂ ನಿವೃತ್ತಿಯಾಗದವಳನ್ನು ಕರೆದಿದ್ದೀರಿ. ನನಗೆ ಈಗ ಮೂವತ್ತಾರು ವರ್ಷ. ಈ ಸಭೆಯಲ್ಲಿ ಕುಳಿತಿರುವ ಅರ್ಧಕ್ಕಿಂತ ಹೆಚ್ಚು ಮಂದಿಗೆ ಈ ವಿಷಯ ನನಗಿಂತ ಚೆನ್ನಾಗಿ ಗೊತ್ತು. ಆದರೂ ಒಪ್ಪಿಕೊಂಡೆ. ಯಾಕೆಂದರೆ ನಿವೃತ್ತಿಯ ತಯಾರಿ ಐವತ್ತೆಂಟರಲ್ಲಿ ಶುರುವಾದರೆ ತಡವಾಗುತ್ತದೆ ಎಂಬುದು ನನ್ನ ನಂಬಿಕೆ. ಇನ್ನೊಂದು ಕಾರಣ, ನಮ್ಮ ಮನೆಯಲ್ಲಿ ಕಳೆದ ಐದಾರು ವರ್ಷಗಳಿಂದ ಇದು ದಿನನಿತ್ಯದ ವಿಷಯ. ನನ್ನ ಅತ್ತೆ, ಮಾವ ಇಬ್ಬರೂ ನಿವೃತ್ತರು. ಅವರ ನಿವೃತ್ತಿಯ ಮೇಲೆ ನನ್ನ ಉದ್ಯೋಗ ನಿಂತಿದೆ. ಇದರ ಅರ್ಥ ಇಲ್ಲಿರುವ ತಾಯಂದಿರಿಗೆ ಬಿಡಿಸಿ ಹೇಳಬೇಕಾಗಿಲ್ಲ!

ನನಗೆ ಕೊಟ್ಟ ವಿಷಯ ‘ನಿವೃತ್ತಿ ಯೋಜನೆ’. ಹಾಗೆಂದರೆ ನಮ್ಮ ಕಣ್ಣ ಮುಂದೆ ಬರುವುದು ಪಿ.ಎಫ್., ಪಿಂಚಣಿ, ಎಫ್.ಡಿ. ಅದನ್ನೂ ಸ್ವಲ್ಪ ಹೇಳುತ್ತೇನೆ. ಆದರೆ ಹೆಚ್ಚಿನ ಸಮಯವನ್ನು ಬೇರೊಂದು ಪ್ರಶ್ನೆಗೆ ಕೊಡುತ್ತೇನೆ. ಬೀಳ್ಕೊಡುಗೆ ಸಮಾರಂಭ ಶುಕ್ರವಾರ ಆಗುತ್ತದೆ. ಶಾಲು, ಹಾರ, ಫೋಟೋ, ಸಮೋಸ ಎಲ್ಲ ಆಗುತ್ತದೆ. ಶನಿವಾರ, ಭಾನುವಾರ ಹೇಗೂ ರಜೆ. ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಏನು ಮಾಡುವುದು?

ಮೊದಲು ವಯಸ್ಸಿನ ಲೆಕ್ಕ ನೋಡೋಣ. 58, 60 ಎಂಬ ಅಂಕೆಗಳನ್ನು ನಾವು ದೇವರು ಬರೆದದ್ದು ಎಂಬಂತೆ ನೋಡುತ್ತೇವೆ. ಅವು ಕಾನೂನು ಬರೆದ ಅಂಕೆಗಳು. ಜರ್ಮನಿಯಲ್ಲಿ ಬಿಸ್ಮಾರ್ಕ್ ಕಾಲದಲ್ಲಿ, 1889ರಲ್ಲಿ, ಕಾರ್ಮಿಕರಿಗೆ ವೃದ್ಧಾಪ್ಯ ಪಿಂಚಣಿಯ ಕಾನೂನು ಬಂದಾಗ ವಯಸ್ಸು 70 ಎಂದಿತ್ತು. 1916ರಲ್ಲಿ ಅದು 65ಕ್ಕೆ ಇಳಿಯಿತು. ನಮ್ಮ ಕೇಂದ್ರ ಸರಕಾರದ ನೌಕರರಿಗೆ 58 ಇದ್ದದ್ದು 1998ರಲ್ಲಿ 60 ಆಯಿತು. ಅಂಕೆ ಬದಲಾಗುತ್ತಾ ಬಂದಿದೆ. ಅದಕ್ಕಿಂತ ಹೆಚ್ಚಾಗಿ ಬದಲಾದದ್ದು ನಿವೃತ್ತಿಯ ನಂತರದ ಆಯುಸ್ಸು. ನಮ್ಮ ದೇಶದಲ್ಲಿ 60 ಮುಟ್ಟಿದವರು ಸರಾಸರಿ ಇನ್ನೂ 18 ವರ್ಷದ ಆಸುಪಾಸು ಬದುಕುತ್ತಾರೆ. ಹೆಂಗಸರು ಗಂಡಸರಿಗಿಂತ ಸ್ವಲ್ಪ ಹೆಚ್ಚು. ಹದಿನೆಂಟು ವರ್ಷ ಎಂದರೆ ಒಂದು ಮಗು ಹುಟ್ಟಿ, ಬೆಳೆದು, ಮತ ಹಾಕುವ ವಯಸ್ಸಿಗೆ ಬರುವಷ್ಟು ಕಾಲ. ಅಷ್ಟು ಕಾಲವನ್ನು ‘ಉಳಿದ ಜೀವನ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ.

ಇನ್ನು ನಮ್ಮ ಮುಂಬಯಿ ಕನ್ನಡಿಗರ ನಿವೃತ್ತಿ ಯೋಜನೆ. ಅದು ಒಂದೇ ಸಾಲಿನದು: ‘ರಿಟೈರ್ ಆದ ಮೇಲೆ ಊರಿಗೆ ಹೋಗುವುದು.’ ಹೋಟೆಲಿನವರಿಗೆ, ಬ್ಯಾಂಕಿನವರಿಗೆ, ಕಾರ್ಖಾನೆಯವರಿಗೆ, ಎಲ್ಲರಿಗೂ ಇದೇ. ಉಡುಪಿ, ಕುಂದಾಪುರ, ಕಾರ್ಕಳ, ಅಂಕೋಲಾ, ವಿಜಯಪುರ, ಊರಿನ ಹೆಸರು ಮಾತ್ರ ಬೇರೆ. ಮುಂಬಯಿಯಲ್ಲಿ ಹತ್ತಡಿಯ ಕೋಣೆಯಲ್ಲಿ ಐದಾರು ಜನ ಮಲಗಿ, ಸಂಬಳದಲ್ಲಿ ಊರಿಗೆ ಮನಿಯಾರ್ಡರ್ ಕಳಿಸಿ, ತಂಗಿಯರ ಮದುವೆ ಮಾಡಿಸಿ, ಕೊನೆಗೆ ಊರಲ್ಲಿ ಒಂದು ತಾರಸಿ ಮನೆ ಕಟ್ಟಿದ ತಲೆಮಾರು ಅದು. 1998ರ ಜನವರಿಯಲ್ಲಿ ಕೊಂಕಣ ರೈಲ್ವೆ ಪೂರ್ತಿಯಾಗಿ ಓಡಲು ಶುರುವಾದಾಗ ಆ ಕನಸು ಇನ್ನೂ ಹತ್ತಿರ ಬಂತು. ಠಾಣೆಯಲ್ಲೋ ಪನ್ವೇಲಿನಲ್ಲೋ ಮತ್ಸ್ಯಗಂಧ ಹತ್ತಿದರೆ ಬೆಳಿಗ್ಗೆ ಕುಂದಾಪುರ. ಇಷ್ಟು ಸುಲಭವಾದ ಮೇಲೆ ಇನ್ನೇನು ಬೇಕು?

ನಮ್ಮ ಮಾವನವರದೂ ಅದೇ ಯೋಜನೆ. ಅವರು ಠಾಣೆ-ಬೇಲಾಪುರ ರಸ್ತೆಯ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ದುಡಿದವರು. ಆ ಪಟ್ಟಿಯಲ್ಲಿ ಹಿಂದೆ ಎಷ್ಟೊಂದು ಕಾರ್ಖಾನೆಗಳಿದ್ದವು, ಈಗ ಅಲ್ಲಿ ಎಷ್ಟು ಗಾಜಿನ ಕಟ್ಟಡಗಳಿವೆ ಎಂಬುದನ್ನು ನೀವೆಲ್ಲ ಕಂಡಿದ್ದೀರಿ. ಅವರು ಗಂಧಕದ ವಾಸನೆಯ ನಡುವೆ ಕೆಲಸಕ್ಕೆ ಹೋಗುತ್ತಿದ್ದ ರಸ್ತೆಯಲ್ಲೇ ನಾನು ಇಂದು ಏರ್‌ಕಂಡೀಷನ್ ಬಸ್ಸಿನಲ್ಲಿ ಐರೋಲಿಯ ಆಫೀಸಿಗೆ ಹೋಗುತ್ತೇನೆ. 2012ರಲ್ಲಿ ಅವರು ಕುಂದಾಪುರದ ಹತ್ತಿರ ಮನೆ ಕಟ್ಟಿಸಿದರು. ಅಡುಗೆಮನೆಯ ಕಿಟಕಿಯಿಂದ ಗದ್ದೆ ಕಾಣಬೇಕು ಎಂಬುದು ಅತ್ತೆಯ ಒಂದೇ ಬೇಡಿಕೆ. ಕಿಟಕಿಯಿಂದ ಗದ್ದೆ ಕಾಣುತ್ತದೆ, ಮನೆಯೂ ಚೆನ್ನಾಗಿದೆ. ವರ್ಷಕ್ಕೆ ಆರು ವಾರ ತೆರೆದಿರುತ್ತದೆ.

ಅತ್ತೆಯ ಕಥೆ ಸ್ವಲ್ಪ ಹೇಳಬೇಕು. ಹೇಳಲು ಅವರದೇ ಅನುಮತಿ ಇದೆ. ಅವರು 1984ರಲ್ಲಿ, ಇಪ್ಪತ್ತೆರಡನೇ ವಯಸ್ಸಿನಲ್ಲಿ, ಮುಂಬಯಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿ ಸೇರಿದರು. 1986ರಲ್ಲಿ ಎಂ.ಟಿ.ಎನ್.ಎಲ್. ಆಯಿತು, ಅವರು ಅಲ್ಲೇ ಮುಂದುವರಿದರು. ಟ್ರಂಕ್ ಕಾಲ್‌ನಿಂದ ಬ್ರಾಡ್‌ಬ್ಯಾಂಡ್ ತನಕ ನೋಡಿದ್ದಾರೆ. 2019ರ ಕೊನೆಯಲ್ಲಿ ಐವತ್ತು ದಾಟಿದವರಿಗೆ ಸ್ವಯಂ ನಿವೃತ್ತಿ ಯೋಜನೆ ಬಂತು. 2020ರ ಜನವರಿ 31ರಂದು ಎಂ.ಟಿ.ಎನ್.ಎಲ್.ನ 14,000ಕ್ಕೂ ಹೆಚ್ಚು ನೌಕರರು ಒಂದೇ ದಿನ ಹೊರಬಂದರು. ಬಿ.ಎಸ್.ಎನ್.ಎಲ್.ನಲ್ಲಿ 78,000ಕ್ಕೂ ಹೆಚ್ಚು. ಅದು ಶುಕ್ರವಾರವೇ ಆಗಿತ್ತು. ಅತ್ತೆ ತಾವಾಗಿಯೇ ಯೋಚಿಸಿ, ಲೆಕ್ಕ ಹಾಕಿ ಸಹಿ ಹಾಕಿದವರು. ‘ಸಾಕು ಮಾರಾಯ್ತಿ, ಮೂವತ್ತೈದು ವರ್ಷ ಆಯಿತು’ ಎಂದರು. ಹಣದ ಚಿಂತೆ ಇರಲಿಲ್ಲ, ಪಿಂಚಣಿ ಇತ್ತು. ಎರಡು ತಿಂಗಳೊಳಗೆ ಲಾಕ್‌ಡೌನ್ ಬಂತು. ಎಲ್ಲರೂ ಮನೆಯಲ್ಲೇ ಕುಳಿತದ್ದರಿಂದ ಅವರ ನಿವೃತ್ತಿ ಯಾರಿಗೂ ಕಾಣಿಸಲೇ ಇಲ್ಲ, ಅವರಿಗೂ ಸಹ.

2021ರ ನವೆಂಬರಿನಲ್ಲಿ ಇಬ್ಬರೂ ಊರಿಗೆ ಹೋದರು, ಇನ್ನು ಅಲ್ಲೇ ಇರುವುದು ಎಂದು. ಡಿಸೆಂಬರ್, ಜನವರಿ ಸ್ವರ್ಗ. ಯಕ್ಷಗಾನ ಮೇಳಗಳ ತಿರುಗಾಟ, ಮದುವೆಗಳು, ಬಂದುಹೋಗುವ ನೆಂಟರು. ಮಾರ್ಚ್ ಹೊತ್ತಿಗೆ ನೆಂಟರು ತಮ್ಮ ತಮ್ಮ ಕೆಲಸಕ್ಕೆ ಹೋದರು. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತು. ಕರೆಂಟು ಹೋದರೆ ಬರುವುದು ಮಾರನೇ ದಿನ. ಅಕ್ಕಪಕ್ಕದ ಮನೆಗಳಲ್ಲಿ ಎರಡಕ್ಕೆ ಬೀಗ, ಅವರ ಮಕ್ಕಳು ಬೆಂಗಳೂರಲ್ಲಿ, ದುಬೈಯಲ್ಲಿ. ಮಾವನ ಸಕ್ಕರೆ ಕಾಯಿಲೆಗೆ ಗುರುತಿದ್ದ ಡಾಕ್ಟರು ಕೋಪರ್‌ಖೈರಣೆಯಲ್ಲಿ. ಒಂದು ರಾತ್ರಿ ಅತ್ತೆ ಫೋನಿನಲ್ಲಿ ಹೇಳಿದ ಮಾತು ನನಗೆ ಇನ್ನೂ ನೆನಪಿದೆ: ‘ನಾನು ಈ ಊರು ಬಿಟ್ಟು ಮೂವತ್ತೆಂಟು ವರ್ಷ ಆಯಿತು. ನನ್ನನ್ನು ಇಲ್ಲಿ ಎಲ್ಲರೂ ಮುಂಬಯಿಯವಳು ಅಂತಾರೆ. ನನಗೆ ನೆನಪಾಗುವುದು ಆ 8.12ರ ಲೋಕಲ್.’

ಲೋಕಲ್ ಎಂದರೆ ಅವರಿಗೆ ರೈಲು ಮಾತ್ರ ಆಗಿರಲಿಲ್ಲ. ಮಹಿಳಾ ಡಬ್ಬಿಯಲ್ಲಿ ಇಪ್ಪತ್ತು ವರ್ಷ ಒಂದೇ ಕಿಟಕಿಯ ಹತ್ತಿರ ನಿಂತ ಆರು ಜನ ಗೆಳತಿಯರು. ಮರಾಠಿಯವರು ಮೂವರು, ಒಬ್ಬರು ಗುಜರಾತಿ, ಒಬ್ಬರು ತಮಿಳು, ಇವರು ಕನ್ನಡ. ಭಜನೆ, ತರಕಾರಿ ಬಿಡಿಸುವುದು, ಅರಿಶಿನ ಕುಂಕುಮ, ಮಗಳ ಸೀಮಂತ, ಅತ್ತೆಯ ಜಗಳ, ಎಲ್ಲ ಅಲ್ಲೇ. ಆಫೀಸಿನ ಕೆಲಸ ಹೋದದ್ದಕ್ಕೆ ಅವರಿಗೆ ದುಃಖವಾಗಲಿಲ್ಲ. ಹೋಗುವ ದಾರಿ ಹೋದದ್ದಕ್ಕೆ ಆಯಿತು. ಯಾವ ಪಿಂಚಣಿ ಪುಸ್ತಕದಲ್ಲೂ ಇದರ ಕಾಲಂ ಇಲ್ಲ.

ಆ ವರ್ಷದ ಗಣೇಶ ಚೌತಿಗೆ ಅವರು ವಾಪಸು ಬಂದರು. ಈಗ ಚಳಿಗಾಲದಲ್ಲಿ ಆರು ವಾರ ಊರು, ಉಳಿದ ಕಾಲ ಘಣಸೋಲಿ. ಊರಿಗೆ ಹೋಗುವ ಯೋಜನೆ ತಪ್ಪು ಎಂದು ನಾನು ಹೇಳುತ್ತಿಲ್ಲ. ಹೋಗಿ ಸುಖವಾಗಿರುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ನಮ್ಮ ಮನಸ್ಸಿನಲ್ಲಿರುವುದು ನಾವು ಬಿಟ್ಟುಬಂದ ಊರು, ಬಿಟ್ಟುಬಂದ ವಯಸ್ಸು. ಆದ್ದರಿಂದ ನನ್ನ ಮೊದಲ ಸಲಹೆ ಇದು. ನಿವೃತ್ತಿಗೆ ಎರಡು ಮೂರು ವರ್ಷ ಮೊದಲೇ ಊರಿನಲ್ಲಿ ಒಂದು ತಿಂಗಳು ಪೂರ್ತಿ ಇದ್ದು ನೋಡಿ. ಡಿಸೆಂಬರಿನಲ್ಲಿ ಬೇಡ, ಜುಲೈಯಲ್ಲಿ ಇದ್ದು ನೋಡಿ. ನೆಂಟರಾಗಿ ಹೋಗಬೇಡಿ. ನೀವೇ ಅಡುಗೆ ಮಾಡಿ, ನೀವೇ ರಿಕ್ಷಾ ಹಿಡಿದು ಆಸ್ಪತ್ರೆಗೆ ಹೋಗಿ, ಬ್ಯಾಂಕಿಗೆ ಹೋಗಿ. ಆಮೇಲೆ ತೀರ್ಮಾನ ಮಾಡಿ, ಇಲ್ಲಿಯ ಮನೆ ಮಾರುವುದೋ ಬಾಡಿಗೆಗೆ ಕೊಡುವುದೋ ಎಂದು.

ಈಗ ಹಣದ ಮಾತು. ಚಿಕ್ಕದಾಗಿ ಹೇಳುತ್ತೇನೆ, ಆದರೆ ದಯವಿಟ್ಟು ಬರೆದುಕೊಳ್ಳಿ.

ಅತ್ತೆಯಂತೆ ಸರಕಾರಿ ಪಿಂಚಣಿ ಇರುವವರು ಕಡಿಮೆಯಾಗುತ್ತಿದ್ದಾರೆ. ಖಾಸಗಿ ಕೆಲಸದವರಿಗೆ ಇರುವುದು 1995ರ ನವೆಂಬರಿನಲ್ಲಿ ಬಂದ ಇ.ಪಿ.ಎಸ್. ಪಿಂಚಣಿ. ಅದರ ಲೆಕ್ಕ ಸುಲಭ: ಪಿಂಚಣಿಗೆ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 2014ರ ಸೆಪ್ಟೆಂಬರಿನಿಂದ ಆ ಸಂಬಳದ ಮಿತಿ 15,000. ನಿಮ್ಮ ನಿಜವಾದ ಸಂಬಳ ಒಂದು ಲಕ್ಷವೇ ಇರಲಿ, ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದು ಅಷ್ಟೇ. 35 ವರ್ಷ ದುಡಿದವರಿಗೆ ಸಿಗುವುದು ತಿಂಗಳಿಗೆ ಏಳೂವರೆ ಸಾವಿರದ ಆಸುಪಾಸು. ಕನಿಷ್ಠ ಪಿಂಚಣಿ 1,000. ಇದನ್ನು ಕೇಳಿ ನಮ್ಮ ಆಫೀಸಿನ ಹುಡುಗಿಯರು ನಕ್ಕರು, ಆಮೇಲೆ ನಗು ನಿಂತಿತು. 2014ರ ಸೆಪ್ಟೆಂಬರ್ ನಂತರ ಮೊದಲ ಸಲ ಕೆಲಸಕ್ಕೆ ಸೇರಿ, 15,000ಕ್ಕಿಂತ ಹೆಚ್ಚು ಸಂಬಳ ಪಡೆದವರು ಆ ಯೋಜನೆಯೊಳಗೇ ಇಲ್ಲ.

ಎರಡನೆಯದು ಬೆಲೆಯೇರಿಕೆ. ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರಿದರೆ ಖರ್ಚು 12 ವರ್ಷಕ್ಕೆ ಎರಡು ಪಟ್ಟಾಗುತ್ತದೆ. 72ನ್ನು ಆರರಿಂದ ಭಾಗಿಸಿ, ಅಷ್ಟೇ ಗಣಿತ. ಇವತ್ತು ತಿಂಗಳಿಗೆ 50,000 ರೂಪಾಯಿಯಲ್ಲಿ ನಡೆಯುವ ಮನೆ, ನನಗೆ 60 ಆಗುವ ಹೊತ್ತಿಗೆ, ಅಂದರೆ 24 ವರ್ಷದ ನಂತರ, 2 ಲಕ್ಷ ಕೇಳುತ್ತದೆ. ಹಾಗಾಗಿ ಪಿ.ಎಫ್. ಹಣವನ್ನು ಪ್ರತಿ ಸಲ ಕೆಲಸ ಬದಲಿಸುವಾಗ ತೆಗೆದು ಫ್ರಿಜ್ಜು, ಪ್ರವಾಸ ಎಂದು ಖರ್ಚು ಮಾಡಬೇಡಿ. ಎನ್.ಪಿ.ಎಸ್. 2009ರ ಮೇ ತಿಂಗಳಿಂದ ಎಲ್ಲ ನಾಗರಿಕರಿಗೂ ತೆರೆದಿದೆ, ಗೃಹಿಣಿಯರಿಗೂ ಸಹ. 60 ದಾಟಿದವರಿಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆ ಅಂಚೆ ಕಚೇರಿಯಲ್ಲಿದೆ. ಅದರ ಮಿತಿ 2023ರಲ್ಲಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿತು. ಯಾವುದನ್ನು ಆರಿಸಬೇಕು ಎಂಬುದು ಅವರವರ ಮನೆಯ ಲೆಕ್ಕ. ನಾನು ಸಾಫ್ಟ್‌ವೇರ್ ಬರೆಯುವವಳು, ಷೇರು ಸಲಹೆಗಾರ್ತಿ ಅಲ್ಲ.

ಮೂರನೆಯದು ಗೆಳತಿಯರಿಗಾಗಿಯೇ. ಮನೆಯ ಹಣದ ಕಾಗದಗಳು ಎಲ್ಲಿವೆ ಎಂದು ನಿಮಗೆ ಗೊತ್ತೇ? ನಾಮಿನಿ ಯಾರು? ಮದುವೆಗೆ ಮೊದಲು ತೆರೆದ ಪಿ.ಎಫ್. ಖಾತೆಯಲ್ಲಿ ಗಂಡನ ಅಮ್ಮನ ಹೆಸರೇ ಇನ್ನೂ ಇದೆಯೇ? ಪಿಂಚಣಿದಾರ ಗಂಡ ತೀರಿಕೊಂಡರೆ ಹೆಂಡತಿಗೆ ಕುಟುಂಬ ಪಿಂಚಣಿ ಬರುತ್ತದೆ ಎಂಬುದು, ಅದಕ್ಕೆ ಯಾವ ಕಾಗದ ಬೇಕು ಎಂಬುದು ಗೊತ್ತೇ? ಹೆಂಗಸರ ಆಯುಸ್ಸು ಜಾಸ್ತಿ, ಮದುವೆಯಲ್ಲಿ ವಯಸ್ಸು ಕಡಿಮೆ. ಎರಡನ್ನೂ ಕೂಡಿಸಿದರೆ ಕೊನೆಯ ಕೆಲವು ವರ್ಷ ನಮ್ಮಲ್ಲಿ ಬಹಳ ಮಂದಿ ಒಬ್ಬರೇ ಲೆಕ್ಕ ನೋಡಿಕೊಳ್ಳಬೇಕಾಗುತ್ತದೆ. ಅದನ್ನು ಅಪಶಕುನ ಎಂದು ಮಾತಾಡದೆ ಇದ್ದರೆ ಕಷ್ಟ ತಪ್ಪುವುದಿಲ್ಲ. ಒಂದು ಭಾನುವಾರ ಕುಳಿತು ಒಂದು ಹಾಳೆಯಲ್ಲಿ ಎಲ್ಲ ಬರೆದಿಡಿ.

ಹಣ ಮುಗಿಯಿತು. ಮನಸ್ಸಿಗೆ ಬರೋಣ.

ಕೆಲಸ ನಮಗೆ ಸಂಬಳದ ಜೊತೆಗೆ ಇನ್ನೂ ನಾಲ್ಕು ವಸ್ತುಗಳನ್ನು ಗುಟ್ಟಾಗಿ ಕೊಡುತ್ತಿರುತ್ತದೆ. ದಿನಕ್ಕೊಂದು ಆಕಾರ, ನಾಲ್ಕು ಜನರ ಮುಖ, ‘ನೀವು ಬಂದರೆ ಆಗುತ್ತದೆ’ ಎನ್ನುವವರು, ಮತ್ತು ಪರಿಚಯ ಹೇಳಿಕೊಳ್ಳಲು ಒಂದು ಹೆಸರು. ಹೆಸರಿನ ವಿಷಯ ಸಣ್ಣದೆಂದು ತಿಳಿಯಬೇಡಿ. ನಮ್ಮ ಸಂಘದ ಹಿರಿಯರಲ್ಲಿ ಎಷ್ಟು ಮಂದಿ ‘ನಾನು ವಿಜಯಾ ಬ್ಯಾಂಕಿನವನು’, ‘ನಾನು ಸಿಂಡಿಕೇಟಿನವಳು’, ‘ನಾವು ಕಾರ್ಪೊರೇಷನ್ ಬ್ಯಾಂಕ್’ ಎಂದು ಹೇಳಿಕೊಳ್ಳುತ್ತಿದ್ದರು! 1906ರಲ್ಲಿ, 1925ರಲ್ಲಿ ಉಡುಪಿಯಲ್ಲಿ, 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬ್ಯಾಂಕುಗಳು ಅವು. 2019ರ ಮತ್ತು 2020ರ ಏಪ್ರಿಲ್ ಒಂದರಂದು ಆ ಮೂರೂ ಹೆಸರುಗಳು ದೊಡ್ಡ ಬ್ಯಾಂಕುಗಳಲ್ಲಿ ಸೇರಿಹೋದವು. ಪಿಂಚಣಿ ಬರುತ್ತದೆ, ಯಾರಿಗೂ ಅನ್ನಕ್ಕೆ ಕೊರತೆಯಾಗಲಿಲ್ಲ. ಆದರೂ ಒಬ್ಬ ಹಿರಿಯರು ನನ್ನ ಹತ್ತಿರ ಹೇಳಿದ್ದರು, ‘ನಾನು ರಿಟೈರ್ ಆದಾಗ ಬೇಸರವಾಗಲಿಲ್ಲ, ಬೋರ್ಡು ತೆಗೆದಾಗ ಆಯಿತು’ ಎಂದು.

ಮುಂಬಯಿಯ ನಮ್ಮದೇ ಲೇಖಕ ಯಶವಂತ ಚಿತ್ತಾಲರು ಇದನ್ನು ಬಹಳ ಹಿಂದೆಯೇ ಕಂಡಿದ್ದರು. ಅವರು ಸ್ವತಃ ರಾಸಾಯನಿಕ ಉದ್ಯಮದಲ್ಲಿ ದುಡಿದವರು. 1979ರ ‘ಶಿಕಾರಿ’ ಕಾದಂಬರಿಯ ನಾಗಪ್ಪನನ್ನು ಅವನ ಕಂಪೆನಿ ಒಂದು ದಿನ ಇದ್ದಕ್ಕಿದ್ದಂತೆ ಅಮಾನತು ಮಾಡುತ್ತದೆ. ಆಮೇಲೆ ಅವನಿಗೆ ಬರುವ ಪ್ರಶ್ನೆ ಊಟದ್ದಲ್ಲ, ‘ಹಾಗಾದರೆ ನಾನು ಯಾರು’ ಎಂಬುದು. ಐಟಿಯಲ್ಲಿರುವ ನಮಗೆ ಈ ಪುಸ್ತಕ ಹೆದರಿಕೆ ಹುಟ್ಟಿಸುವಷ್ಟು ಹತ್ತಿರದ್ದು. ನಮ್ಮಲ್ಲಿ 58ರ ತನಕ ಕಾಯುವವರು ಯಾರು? ನನ್ನ ಪರಿಚಯದ ಒಬ್ಬರು ನಲವತ್ತಾರನೇ ವಯಸ್ಸಿನಲ್ಲಿ, ಹತ್ತು ನಿಮಿಷದ ಒಂದು ವಿಡಿಯೋ ಕಾಲ್‌ನಲ್ಲಿ, ಕೆಲಸ ಕಳೆದುಕೊಂಡರು. ಸಂಜೆಗೆ ಲ್ಯಾಪ್‌ಟಾಪ್ ಮುಚ್ಚಿತು. ಅವರಿಗೆ ಹಾರವೂ ಇಲ್ಲ, ಸಮೋಸವೂ ಇಲ್ಲ. ಮಗಳಿಗೆ ಹತ್ತನೇ ತರಗತಿ ಪರೀಕ್ಷೆ ಮುಗಿಯುವ ತನಕ ದಿನವೂ ಬ್ಯಾಗು ಹಾಕಿಕೊಂಡು ಮನೆಯಿಂದ ಹೊರಡುತ್ತಿದ್ದರು. ಆದ್ದರಿಂದ ನಿವೃತ್ತಿಯ ಮಾನಸಿಕ ತಯಾರಿ ಹಿರಿಯರ ವಿಷಯ ಎಂದು ಹಿಂದಿನ ಸಾಲಿನಲ್ಲಿ ಕುಳಿತ ನನ್ನ ವಯಸ್ಸಿನವರು ಮೊಬೈಲ್ ನೋಡುವುದು ಬೇಡ. ನಮ್ಮ ಸೋಮವಾರ ಯಾವಾಗ ಬೇಕಾದರೂ ಬರಬಹುದು.

ಕೆಲಸ ಬಿಟ್ಟ ಮೇಲೆ ಅರಳಿದವರೂ ನಮ್ಮಲ್ಲಿದ್ದಾರೆ. ಮಾಸ್ತಿ ವೆಂಕಟೇಶ ಅಯ್ಯಂಗಾರರು 1914ರಲ್ಲಿ ಮೈಸೂರು ಸರಕಾರದ ಸೇವೆಗೆ ಸೇರಿದರು. ತಮಗಿಂತ ಕಿರಿಯರೊಬ್ಬರನ್ನು ಮೇಲಿನ ಹುದ್ದೆಗೆ ತಂದಾಗ 1943ರಲ್ಲಿ ರಾಜೀನಾಮೆ ಕೊಟ್ಟರು. ಆಗ ಅವರಿಗೆ ಐವತ್ತೆರಡು. ಮರುವರ್ಷವೇ ‘ಜೀವನ’ ಪತ್ರಿಕೆಯ ಹೊಣೆ ಹೊತ್ತರು. ‘ಚಿಕವೀರ ರಾಜೇಂದ್ರ’ ಬಂದದ್ದು 1956ರಲ್ಲಿ, ಜ್ಞಾನಪೀಠ ಬಂದದ್ದು 1983ರಲ್ಲಿ, ಅವರ ತೊಂಬತ್ತೆರಡನೇ ವಯಸ್ಸಿನಲ್ಲಿ. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಅವರು ಬರವಣಿಗೆಯನ್ನು ರಾಜೀನಾಮೆಯ ಮಾರನೇ ದಿನ ಶುರು ಮಾಡಲಿಲ್ಲ. ಅಧಿಕಾರಿಯಾಗಿದ್ದಾಗಲೇ, ಊರೂರು ತಿರುಗುತ್ತಲೇ, ಮೂವತ್ತು ವರ್ಷದಿಂದ ಬರೆಯುತ್ತಿದ್ದರು. ‘ರಿಟೈರ್ ಆದ ಮೇಲೆ ಸಂಗೀತ ಕಲಿಯುತ್ತೇನೆ, ಆಮೇಲೆ ಓದುತ್ತೇನೆ’ ಎನ್ನುವವರು ಇದನ್ನು ನೆನಪಿಡಬೇಕು. ಹಸಿವನ್ನು ಈಗಲೇ ಸ್ವಲ್ಪ ಸ್ವಲ್ಪ ಉಳಿಸಿಕೊಳ್ಳಬೇಕು. ಮೂವತ್ತು ವರ್ಷ ಮುಚ್ಚಿಟ್ಟ ಹಾರ್ಮೋನಿಯಂ ಒಮ್ಮೆಲೇ ನುಡಿಯುವುದಿಲ್ಲ.

ಇಷ್ಟು ಹೇಳಿದ ಮೇಲೆ, ಮಹಿಳಾ ವಿಭಾಗದ ಸಭೆಯಲ್ಲಿ ಒಂದು ಪ್ರಶ್ನೆ ಕೇಳದೆ ಹೋಗಲಾರೆ. ಹೆಂಗಸರಿಗೆ ನಿವೃತ್ತಿ ಎನ್ನುವುದು ಇದೆಯೇ? ಕೇಂದ್ರ ಸರಕಾರ 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಸಂಬಳವಿಲ್ಲದ ಮನೆಗೆಲಸ ಮಾಡುತ್ತಾರೆ. ಮನೆಗೆಲಸ ಮಾಡುವ ಗಂಡಸರು 88 ನಿಮಿಷ. 2019ರಲ್ಲಿ ಇದು 299 ಮತ್ತು 97 ಇತ್ತು. ಐದು ವರ್ಷದಲ್ಲಿ ನಮಗೆ ಹತ್ತು ನಿಮಿಷ ಉಳಿಯಿತು, ಅವರಿಗೆ ಒಂಬತ್ತು. ಚಪ್ಪಾಳೆ ತಟ್ಟುವಂತಹ ಪ್ರಗತಿಯೇನೂ ಅಲ್ಲ.

ಗಂಡಸು ನಿವೃತ್ತನಾದರೆ ಪೇಪರು, ಚಹಾ, ವಾಕಿಂಗ್. ಹೆಂಗಸು ನಿವೃತ್ತಳಾದರೆ ‘ಹೇಗೂ ಮನೆಯಲ್ಲೇ ಇದ್ದೀಯಲ್ಲ’ ಎಂಬ ಮಾತು ಶುರುವಾಗುತ್ತದೆ. ಎರಡು ಹೊತ್ತಿನ ಅಡುಗೆ ಮೂರು ಹೊತ್ತಿನದಾಗುತ್ತದೆ. ಮೊಮ್ಮಕ್ಕಳು ಬರುತ್ತಾರೆ. ಮೊಮ್ಮಕ್ಕಳು ಸಂತೋಷವೇ, ಅದರಲ್ಲಿ ಸಂಶಯವಿಲ್ಲ. ಆದರೆ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರ ತನಕ, ವಾರಕ್ಕೆ ಐದು ದಿನ, ರಜೆ ಕೇಳಲಾಗದ ಸಂತೋಷ ಎಂದರೆ ಅದು ಕೆಲಸವೂ ಹೌದು. ಗೃಹಿಣಿಯರಂತೂ ಯಾವತ್ತೂ ಸೇರಿದ್ದೇ ಲೆಕ್ಕಕ್ಕಿಲ್ಲ, ಇನ್ನು ಬಿಡುಗಡೆ ಎಲ್ಲಿಂದ?

ನಮ್ಮ ಮನೆಯಲ್ಲೂ ಎರಡು ಮಕ್ಕಳಿವೆ, ಏಳು ವರ್ಷದ್ದು ಒಂದು, ಮೂರು ವರ್ಷದ್ದು ಒಂದು. ಎರಡು ವರ್ಷದ ಹಿಂದೆ ಅತ್ತೆ ಒಂದು ರಾತ್ರಿ ಊಟದ ಹೊತ್ತಿಗೆ ನಿಧಾನವಾಗಿ ಹೇಳಿದರು: ‘ನನಗೆ ಮಂಗಳವಾರ ಮತ್ತು ಗುರುವಾರ ಬೇಕು.’ ಯಾಕೆ, ಎಲ್ಲಿಗೆ ಎಂದು ಮಾವ ಕೇಳಿದರು. ‘ಗೊತ್ತಿಲ್ಲ. ಮೊದಲು ದಿನ ಬೇಕು, ಆಮೇಲೆ ಎಲ್ಲಿಗೆ ಅಂತ ನೋಡುತ್ತೇನೆ’ ಎಂದರು. ಆ ಮಾತಿಗೆ ಮನೆಯಲ್ಲಿ ಎರಡು ದಿನ ಮೌನ. ಆ ಮೌನದಲ್ಲಿ ಎಲ್ಲರೂ ಅವರವರ ಲೆಕ್ಕ ಹಾಕುತ್ತಿದ್ದೆವು. ಆಗಲೇ ನನಗೆ ಆಫೀಸಿನಲ್ಲಿ ಹೊಸ ಜವಾಬ್ದಾರಿ ಬರುವುದರಲ್ಲಿತ್ತು, ಸಂಜೆ ಅಮೆರಿಕದವರ ಜೊತೆ ಮೀಟಿಂಗು. ಕೊನೆಗೆ ತೀರ್ಮಾನ ಹೀಗಾಯಿತು: ಆ ಎರಡು ದಿನ ಚಿಕ್ಕ ಮಗು ಪಾಳಣಾಘರಕ್ಕೆ, ದೊಡ್ಡವಳನ್ನು ಶಾಲೆಯಿಂದ ಕರೆತರುವುದು ಮಾವನ ಕೆಲಸ, ಮಂಗಳವಾರ ಬೇಗ ಬರುವುದು ನಾನು, ಗುರುವಾರ ನನ್ನ ಗಂಡ. ಖರ್ಚು ಬಂತು, ಓಡಾಟ ಬಂತು. ಆಫೀಸಿನಲ್ಲಿ ಮಂಗಳವಾರದ ಮೀಟಿಂಗು ಬೇರೆಯವರಿಗೆ ಹೋಯಿತು, ಅದರ ಜೊತೆಗೆ ಸ್ವಲ್ಪ ಅವಕಾಶವೂ ಹೋಯಿತು. ಇದನ್ನು ಮುಚ್ಚಿಡುವುದಿಲ್ಲ. ಒಬ್ಬರ ಬಿಡುವಿಗೆ ಮನೆಯಲ್ಲಿ ಯಾರಾದರೂ ಬೆಲೆ ಕೊಡಲೇಬೇಕು. ಇಷ್ಟು ವರ್ಷ ಒಬ್ಬರೇ ಕೊಡುತ್ತಿದ್ದುದನ್ನು ನಾವು ನಾಲ್ವರು ಹಂಚಿಕೊಂಡೆವು.

ಆ ಎರಡು ದಿನದಲ್ಲಿ ಅತ್ತೆ ಏನು ಮಾಡುತ್ತಾರೆ? ಮೊದಲ ಎರಡು ತಿಂಗಳು ಏನೂ ಮಾಡಲಿಲ್ಲ. ಹಳೆಯ ಲೋಕಲ್ ಗೆಳತಿಯರ ಮನೆಗೆ ಠಾಣೆಗೆ ಹೋಗಿ ಬಂದರು. ಸೆಂಟ್ರಲ್ ಪಾರ್ಕಿನಲ್ಲಿ ಕುಳಿತು ಬಂದರು. ಆಮೇಲೆ ನವೆಂಬರ್ ಬಂತು. ಸರಕಾರಿ ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ತಾವು ಬದುಕಿದ್ದೇವೆ ಎಂದು ಪ್ರಮಾಣ ಪತ್ರ ಕೊಡಬೇಕಲ್ಲ? 2014ರಿಂದ ಅದಕ್ಕೆ ‘ಜೀವನ್ ಪ್ರಮಾಣ್’ ಎಂಬ ಡಿಜಿಟಲ್ ವ್ಯವಸ್ಥೆ ಇದೆ. ಈಗ ಫೋನಿನ ಕ್ಯಾಮೆರಾದಲ್ಲಿ ಮುಖ ತೋರಿಸಿದರೂ ಆಗುತ್ತದೆ. ಆದರೆ ಆಧಾರ್ ಸಂಖ್ಯೆ, ಓಟಿಪಿ, ಎರಡು ಆ್ಯಪ್ ಎಂದರೆ ಎಪ್ಪತ್ತು ದಾಟಿದವರಿಗೆ ಕೈ ನಡುಗುತ್ತದೆ. ಅತ್ತೆ ತಮ್ಮದು ಮಾಡಿಕೊಂಡರು, ಪಕ್ಕದ ಮನೆಯ ಅಜ್ಜಿಯದು ಮಾಡಿದರು, ನಮ್ಮ ಸೊಸೈಟಿಯ ಹನ್ನೊಂದು ಜನರದು ಮಾಡಿದರು. ಮಾತು ಹರಡಿತು. ಮಾಥಾಡಿ ಕಾರ್ಮಿಕರ ವಸಾಹತಿನಿಂದ ಬೆನ್ನು ಬಾಗಿದ ಅಜ್ಜಂದಿರು ಮೊಮ್ಮಗನ ಫೋನು ಹಿಡಿದುಕೊಂಡು ಬಂದರು. ಜೀವನವಿಡೀ ವಾಶಿ ಮಾರುಕಟ್ಟೆಯಲ್ಲಿ ಮೂಟೆ ಹೊತ್ತವರು ಅವರು. ‘ನೀವು ಬದುಕಿದ್ದೀರಿ ಅಂತ ಬಂತು ನೋಡಿ ಬಾಬಾ’ ಎಂದು ಅತ್ತೆ ಮರಾಠಿಯಲ್ಲಿ ಹೇಳಿದರೆ ಅವರು ನಗುತ್ತಾರೆ. ಮೂವತ್ತೈದು ವರ್ಷ ‘ನಂಬರ್ ಪ್ಲೀಸ್’ ಎಂದವರಿಗೆ ಮತ್ತೆ ಕರೆ ಜೋಡಿಸುವ ಕೆಲಸವೇ ಸಿಕ್ಕಿದೆ.

ಇದರಲ್ಲಿ ದೊಡ್ಡ ಸಾಧನೆ ಏನೂ ಇಲ್ಲ, ಅವರೂ ಹಾಗೆ ಹೇಳಿಕೊಳ್ಳುವುದಿಲ್ಲ. ಆದರೆ ಆ ನಾಲ್ಕು ವಸ್ತುಗಳೂ ಅಲ್ಲಿ ಮರಳಿ ಬಂದವು: ದಿನದ ಆಕಾರ, ಜನರ ಮುಖ, ‘ನೀವು ಬಂದರೆ ಆಗುತ್ತದೆ’ ಎಂಬ ಮಾತು, ‘ಫೋನಿನ ಕಾಕು’ ಎಂಬ ಹೆಸರು.

ಈಗ ನನ್ನ ಸಲಹೆಗಳನ್ನು ಒಟ್ಟಿಗೆ ಹೇಳಿಬಿಡುತ್ತೇನೆ.

ಮೊದಲನೆಯದು, ವಾರದಲ್ಲಿ ಎರಡು ದಿನಕ್ಕಾದರೂ ಹೊರಗಿನ ಒಂದು ಹೊಣೆ ಇರಲಿ. ನಾವು ಹೋಗದಿದ್ದರೆ ಯಾರಾದರೂ ಫೋನು ಮಾಡಿ ‘ಯಾಕೆ ಬರಲಿಲ್ಲ’ ಎಂದು ಕೇಳುವಂತಹದ್ದು. ಸಂಘದ ಕನ್ನಡ ಕಲಿಕಾ ತರಗತಿಗೆ ಕಲಿಸುವವರು ಬೇಕು. ಕಲಿಯುವ ಆಸೆ ಇರುವವರಿಗೆ ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ.

ಎರಡನೆಯದು, ಆಫೀಸಿನ ಹೊರಗೆ ಮೂವರು ಸ್ನೇಹಿತರನ್ನು ಈಗಲೇ ಸಂಪಾದಿಸಿ. ಆಫೀಸಿನ ಸ್ನೇಹ ಬಹಳಷ್ಟು ಐಡಿ ಕಾರ್ಡಿನ ಜೊತೆಗೆ ಹೋಗುತ್ತದೆ. ನನ್ನ ವಯಸ್ಸಿನವರಿಗೆ ಇದು ಹೆಚ್ಚು ಅನ್ವಯಿಸುತ್ತದೆ, ನಮಗೆ ಲೋಕಲ್ ಡಬ್ಬಿಯ ಗೆಳತಿಯರೂ ಇಲ್ಲ, ಕಿವಿಯಲ್ಲಿ ಇಯರ್‌ಫೋನ್ ಇದೆ.

ಮೂರನೆಯದು, ನಿವೃತ್ತಿಗೆ ಒಂದು ವರ್ಷ ಮೊದಲು ಗಂಡ ಹೆಂಡತಿ ಕುಳಿತು ಮಾತಾಡಿ. ಯಾರು ಎಷ್ಟು ಹೊತ್ತಿಗೆ ಏಳುವುದು ಎಂಬುದರಿಂದ ಹಿಡಿದು ಮಧ್ಯಾಹ್ನದ ಚಹಾ ಯಾರು ಮಾಡುವುದು ಎಂಬ ತನಕ. ನಿವೃತ್ತನಾದ ಗಂಡ ಅಡುಗೆಮನೆಗೆ ಬಂದು ಡಬ್ಬಿಗಳ ಲೆಕ್ಕ ತೆಗೆಯುವುದಕ್ಕಿಂತ ಒಂದು ಹೊತ್ತಿನ ಅಡುಗೆ ಕಲಿಯುವುದು ಲೇಸು. ನಮ್ಮ ಮಾವ ಅರವತ್ತೈದನೇ ವಯಸ್ಸಿನಲ್ಲಿ ಉಪ್ಪಿಟ್ಟು ಕಲಿತರು. ಉಪ್ಪು ಇನ್ನೂ ಹೆಚ್ಚು ಕಡಿಮೆ ಆಗುತ್ತದೆ, ಯಾರೂ ದೂರುವುದಿಲ್ಲ.

ನಾಲ್ಕನೆಯದು, ಮಕ್ಕಳು ಮತ್ತು ಸೊಸೆಯಂದಿರು, ಅಂದರೆ ನಾವು, ಮೊಮ್ಮಕ್ಕಳ ವಿಷಯದಲ್ಲಿ ಹಿರಿಯರನ್ನು ಕೇಳಬೇಕು. ಎಷ್ಟು ದಿನ, ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ರಜೆ. ಹಿರಿಯರೂ ಬಾಯಿಬಿಟ್ಟು ಹೇಳಬೇಕು. ಪ್ರೀತಿಯಲ್ಲಿ ಲೆಕ್ಕ ಯಾಕೆ ಎಂದು ಕೆಲವರು ಹೇಳುತ್ತಾರೆ. ಲೆಕ್ಕ ಸರಿಯಿದ್ದರೆ ಪ್ರೀತಿ ಹೆಚ್ಚು ದಿನ ಬಾಳುತ್ತದೆ.

ಐದನೆಯದು, ಬೇಸರಕ್ಕೂ ಖಿನ್ನತೆಗೂ ವ್ಯತ್ಯಾಸವಿದೆ. ನಿದ್ದೆ, ಹಸಿವು ವಾರಗಟ್ಟಲೆ ಹೋದರೆ, ಯಾರ ಮುಖವೂ ಬೇಡವೆನಿಸಿದರೆ, ‘ವಯಸ್ಸಾಯಿತು, ಹಾಗೆಯೇ’ ಎಂದು ಸುಮ್ಮನಿರಬೇಡಿ. 2022ರ ಅಕ್ಟೋಬರಿನಿಂದ ಕೇಂದ್ರ ಸರಕಾರದ ಟೆಲಿ ಮಾನಸ್ ಇದೆ, ಸಂಖ್ಯೆ 14416. ಇದರ ಹಿಂದೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನವಿದೆ, ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದು. ಹಿರಿಯ ನಾಗರಿಕರ ಸಹಾಯವಾಣಿ 14567. ಎರಡನ್ನೂ ಈಗಲೇ ಫೋನಿನಲ್ಲಿ ಹಾಕಿಕೊಳ್ಳಿ. ನಿಮಗೆ ಬೇಕಾಗದಿದ್ದರೆ ಪಕ್ಕದ ಮನೆಯವರಿಗೆ ಬೇಕಾಗಬಹುದು.

ಕೊನೆಯದಾಗಿ ಮಹಿಳಾ ವಿಭಾಗಕ್ಕೆ ಒಂದು ಬಿನ್ನಹ. ಸಂಘದಲ್ಲಿ ನಿವೃತ್ತರನ್ನು ಶಾಲು ಹೊದಿಸಿ ಸನ್ಮಾನಿಸುವ ಪದ್ಧತಿ ಇದೆ, ಒಳ್ಳೆಯದೇ. ಅದರ ಜೊತೆಗೆ ಮುಂದಿನ ನವೆಂಬರಿನಲ್ಲಿ ಪಿಂಚಣಿದಾರರಿಗಾಗಿ ಒಂದು ಜೀವನ್ ಪ್ರಮಾಣ್ ಶಿಬಿರ ಇಟ್ಟುಕೊಳ್ಳೋಣ. ಫೋನು ಗೊತ್ತಿರುವ ಕಿರಿಯರು ನಾಲ್ಕು ಜನ, ಕಾಗದ ಗೊತ್ತಿರುವ ಹಿರಿಯರು ನಾಲ್ಕು ಜನ ಸಾಕು. ಅತ್ತೆ ಬರುತ್ತೇನೆ ಎಂದಿದ್ದಾರೆ, ಮಂಗಳವಾರ ಅಥವಾ ಗುರುವಾರ ಇದ್ದರೆ ಮಾತ್ರ.

ಇವತ್ತು ಮನೆಗೆ ಹೋದ ಮೇಲೆ, ವಯಸ್ಸು ಎಷ್ಟೇ ಇರಲಿ, ಒಂದು ಚೀಟಿಯಲ್ಲಿ ‘ಸೋಮವಾರ, ಬೆಳಿಗ್ಗೆ ಹನ್ನೊಂದು’ ಎಂದು ಬರೆದು, ಕೆಳಗೆ ನಿಮಗೆ ಏನು ಮಾಡಬೇಕೆನಿಸುತ್ತದೋ ಅದನ್ನು ಬರೆಯಿರಿ. ಏನೂ ತೋಚದಿದ್ದರೆ ಚೀಟಿಯನ್ನು ಹಾಗೆಯೇ ಖಾಲಿ ಇಟ್ಟು ಮುಂದಿನ ತಿಂಗಳ ಸಭೆಗೆ ತನ್ನಿ. ಕುಳಿತು ಮಾತಾಡೋಣ.